ಮನೆಯ ಹತ್ತಿರ ಸಿಗಬೇಕಾದ ಮಕ್ಕಳ ಆರೈಕೆ

ಪ್ರಾಣಕ್ಕೇ ಕುತ್ತು ತರುವ ಅಥವಾ ವರ್ಷಗಟ್ಟಲೆ ಕಾಡುವ ಕಾಯಿಲೆಗೆ ತುತ್ತಾದ ಮಗುವಿನ ನೋವು, ಏದುಸಿರು, ನಿದ್ರೆಗೇಡುಗಳನ್ನು ತಗ್ಗಿಸುತ್ತಲೇ ಅದರ ಆಟ, ಪಾಠ, ಅಂಜಿಕೆಗಳ ಕಡೆಗೂ ಹೆತ್ತವರ ಸಂಕಟದ ಕಡೆಗೂ ಗಮನ ಕೊಡುವ ವೈದ್ಯಕೀಯ ಶಾಖೆಯನ್ನು ಮಕ್ಕಳ ಉಪಶಾಮಕ ಆರೈಕೆ ಎಂದು ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ ಇದು ರೋಗ ಪತ್ತೆಯಾದಾಗಲೇ ಆರಂಭವಾಗಿ, ಮೂಲ ರೋಗಕ್ಕೆ ಚಿಕಿತ್ಸೆ ನಡೆಯಲಿ ಬಿಡಲಿ, ಮುಂದುವರಿಯಬೇಕು. ಆದರೂ ಇನ್ನು ಮಾಡುವುದೇನೂ ಉಳಿದಿಲ್ಲವೆಂದು ವೈದ್ಯರು ಹೇಳಿದ ಮೇಲಷ್ಟೇ ಇದರ ನೆನಪಾಗುವ ರೂಢಿ ಬಹಳ ಕಡೆ ಇದೆ, ಮತ್ತು ಮಗು ಅನಗತ್ಯವಾಗಿ ನರಳುವುದು ಬಹುಮಟ್ಟಿಗೆ ಈ ತಡದಿಂದಲೇ.

ಮಕ್ಕಳಿಗೆಂದೇ ಇಂಥ ಮೊದಲ ಆಶ್ರಯಧಾಮ 1982ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ತೆರೆಯಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಟ್ರಸ್ಟ್ ನಡೆಸುವ ಕರುಣಾಶ್ರಯ, ಕ್ಯಾನ್ಸರ್ ಉಲ್ಬಣಿಸಿದವರನ್ನು ಯಾವ ಶುಲ್ಕವೂ ಇಲ್ಲದೆ ನೋಡಿಕೊಳ್ಳುತ್ತಿದೆ.

ಬೆಂಗಳೂರಿನಿಂದ ದೂರದ ಊರುಗಳ ಪಾಡು ಮಾತ್ರ ಬೇರೆ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯೂ ಭದ್ರಾವತಿಯಲ್ಲಿ ತಾಲ್ಲೂಕು ಆಸ್ಪತ್ರೆಯೂ ಇದ್ದರೂ, ರಕ್ತದ ಕ್ಯಾನ್ಸರಿನಂಥ ಕಾಯಿಲೆಗೆ ಮಗುವನ್ನು ಸುಮಾರು 300 ಕಿ.ಮೀ. ದೂರದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ಯಬೇಕಾದ ಕುಟುಂಬಗಳಿಗೆ ಪ್ರತಿ ಸರದಿಯೂ ಪ್ರಯಾಣದ ಖರ್ಚು, ಕಳೆದುಹೋದ ಕೂಲಿ ಮತ್ತು ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಚಿಂತೆಯನ್ನು ಹೊರಿಸುತ್ತದೆ. ಕೀಮೋಥೆರಪಿ ದೂರದಲ್ಲೇ ನಡೆಯಬೇಕಾದೀತು. ಆದರೆ ನಡುರಾತ್ರಿ ಹೆಚ್ಚಾದ ನೋವಿಗೆ ಉಪಶಮನ ಊರಿನಲ್ಲೇ ಸಿಗಬೇಕು.

ಆ ಉಪಶಮನದ ಕ್ರಮವೇನೂ ಗಹನವಲ್ಲ. ಮಾತು ಬಲ್ಲ ಮಗುವಿನ ಮುಂದೆ ನಗುಮುಖದಿಂದ ಅಳುಮುಖದವರೆಗಿನ ಆರು ಚಿತ್ರಗಳನ್ನಿಟ್ಟು, ತನ್ನ ನೋವಿಗೆ ಹೊಂದುವ ಮುಖವನ್ನು ಅದೇ ತೋರಿಸುವಂತೆ ಕೇಳುತ್ತಾರೆ; ಮಾತು ಬಾರದ ಕೂಸಿನಲ್ಲಿ ಮುಖಭಾವ, ಕಾಲಿನ ಬಿಗಿತ, ಅಳು, ಎತ್ತಿಕೊಂಡಾಗ ಸಮಾಧಾನಗೊಳ್ಳುವ ಬಗೆ ಇವನ್ನು ಗಮನಿಸಿ ಅಂಕ ಕೊಡುತ್ತಾರೆ. ಸೌಮ್ಯ ನೋವಿಗೆ ಪ್ಯಾರಾಸಿಟಮಾಲ್ ಸಾಕು, ತೀವ್ರ ನೋವಿಗೆ ವೈದ್ಯರು ತೂಕಕ್ಕೆ ತಕ್ಕಂತೆ ಅಳೆದು ಕೊಡುವ ಮಾರ್ಫಿನ್ ಬೇಕು. ಅಫೀಮಿನಿಂದ ಬರುವ ಈ ಔಷಧವನ್ನು 1985ರ ಮಾದಕ ವಸ್ತು ಕಾಯ್ದೆ ಆಸ್ಪತ್ರೆಗಳಿಗೂ ದುರ್ಲಭವಾಗಿಸಿತ್ತು. 2014ರ ತಿದ್ದುಪಡಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸುಲಭ ಮಾಡಿತು. ಮಗುವಿಗೆ ಚಟ ಹತ್ತೀತೆಂಬ ಭಯ ಮಾತ್ರ ಇನ್ನೂ ಉಳಿದಿದೆ, ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಅದಕ್ಕೆ ಆಧಾರ ತೀರ ಕಡಿಮೆ.

ಊರ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಗಳು ನೀಡಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ಉಪಶಾಮಕ ಆರೈಕೆಯೂ ಸೇರಿದೆ, ಆದರೆ ಅದನ್ನು ವೃದ್ಧರ ಆರೈಕೆಯೊಡನೆ ಒಂದೇ ಬಾಬ್ತಿನಲ್ಲಿ ಜೋಡಿಸಿರುವುದರಿಂದ ಸೆರೆಬ್ರಲ್ ಪಾಲ್ಸಿ, ಥಲಸ್ಸೀಮಿಯಾ, ಸ್ನಾಯುಕ್ಷಯಗಳಿರುವ ಮಕ್ಕಳು ಕಣ್ಣಿಗೆ ಬೀಳದೆ ಹೋಗುವ ಅಪಾಯವಿದೆ. 2013ರಿಂದ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳಿಗೆ ಇಂಥ ಮನೆಗಳು ಮೊದಲೇ ತಿಳಿಯುತ್ತವೆ. ಆಶಾ ಕಾರ್ಯಕರ್ತೆಯರಿಗಂತೂ ಆ ಮನೆಗಳ ಬಾಗಿಲು ಪರಿಚಿತ. ಈ ಇಬ್ಬರಿಗೂ ನೋವನ್ನು ಅಳೆಯುವ ತರಬೇತಿ ಕೊಡುವುದರಿಂದ ಕೆಲಸ ಶುರುಮಾಡಬಹುದು. ಕಾಯಿಲೆಯ ಮಗುವಿನ ಅಕ್ಕನಿಗೋ ತಮ್ಮನಿಗೋ ವಯಸ್ಸಿಗೆ ತಕ್ಕ ಮಾತಿನಲ್ಲಿ ನಿಜವನ್ನು ತಿಳಿಸುವುದೂ, ಮಗು ತೀರಿಕೊಂಡರೆ ತಿಂಗಳುಗಳ ನಂತರವೂ ಆ ತಾಯಿತಂದೆಯರನ್ನು ಹೋಗಿ ಕಂಡುಬರುವುದೂ ಇದೇ ಆರೈಕೆಗೆ ಸೇರಿದ ಕೆಲಸಗಳು.