ಮನಸ್ಸಿನ ಕಡತಕ್ಕೂ ಬೀಗವಿರಲಿ



ಹೊಲದ ಕಾಗದಪತ್ರಗಳ ವಿಷಯ ನಮಗೆಲ್ಲ ಗೊತ್ತು. ಪಟ್ಟಾ ಯಾರ ಹೆಸರಿನಲ್ಲಿದೆ, ಚಿಟ್ಟಾದಲ್ಲಿ ಎಷ್ಟು ಎಕರೆ, ಅಡಂಗಲಿನಲ್ಲಿ ಈ ಸಲ ರಾಗಿಯೋ ಮರಗೆಣಸೋ ಎಂಬುದೆಲ್ಲ ವಿ.ಎ.ಓ. ಕಚೇರಿಯ ಲೆಕ್ಕದಲ್ಲಿದೆ. ಇದು ನಾಲ್ಕು ಜನಕ್ಕೆ ತಿಳಿದರೆ ತೊಂದರೆಯಿಲ್ಲ. ಗಡಿ ತಕರಾರು ಬಂದಾಗ ಅದೇ ನಮಗೆ ಸಾಕ್ಷಿ. ಆದರೆ ಮನಸ್ಸಿನ ಲೆಕ್ಕ ಹಾಗಲ್ಲ. ರಾತ್ರಿ ನಿದ್ದೆ ಬಾರದಿರುವುದು, ಸಾಲದ ಚಿಂತೆ, ಗಂಡನ ಕುಡಿತ, ಸಾಯಬೇಕೆನಿಸುವ ಯೋಚನೆ ಇವುಗಳನ್ನು ಒಬ್ಬರ ಮುಂದೆ ಬಿಚ್ಚಿಟ್ಟರೆ, ಅದು ಆ ಒಬ್ಬರಲ್ಲೇ ಉಳಿಯಬೇಕು.

ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಮಾವಿಗೆ ಬೆಲೆ ಬೀಳುತ್ತದೆ, ಟೊಮ್ಯಾಟೊ ಹೊಲದಲ್ಲೇ ಕೊಳೆಯುತ್ತದೆ, ಬೋರ್‌ವೆಲ್ ಬತ್ತುತ್ತದೆ. ಮನಸ್ಸು ಕುಗ್ಗುವುದಕ್ಕೆ ಕಾರಣಗಳಿಗೆ ಬರವಿಲ್ಲ. ಹಾಗಿದ್ದೂ ಆಪ್ತಸಲಹೆಗೆ ಹೋಗಿ ಎಂದರೆ ನಮ್ಮ ಜನ ಹಿಂದೆ ಸರಿಯುತ್ತಾರೆ. "ಊರಿಗೆ ಗೊತ್ತಾದರೆ ಮಗಳ ಮದುವೆಗೆ ಕಲ್ಲು ಬೀಳುತ್ತದೆ" ಎಂಬ ಭಯ. ಈ ಭಯವನ್ನು ಹುಚ್ಚು ಭಯವೆಂದು ತಳ್ಳಿಹಾಕುವಂತಿಲ್ಲ. ಅದನ್ನು ಹೋಗಲಾಡಿಸುವ ದಾರಿ ಒಂದೇ. ಗುಟ್ಟು ಹೇಗೆ ಕಾಪಾಡಲ್ಪಡುತ್ತದೆ, ಎಲ್ಲಿಯವರೆಗೆ ಕಾಪಾಡಲ್ಪಡುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳುವುದು.

ಹೆಸರು ಕೇಳದಿದ್ದರೆ ಜನ ಬರುತ್ತಾರೆ

ನಮ್ಮ ಜಿಲ್ಲೆಗಳದೇ ಒಂದು ಉದಾಹರಣೆ ನೋಡೋಣ. ಹೆಣ್ಣು ಶಿಶುಗಳ ಹತ್ಯೆಯನ್ನು ತಡೆಯಲು ತಮಿಳುನಾಡು ಸರ್ಕಾರ 1992ರಲ್ಲಿ ಸೇಲಂ ಜಿಲ್ಲೆಯಲ್ಲಿ 'ತೊಟ್ಟಿಲು ಮಗು' ಯೋಜನೆಯನ್ನು ಆರಂಭಿಸಿತು. ಹೆತ್ತವರು ಹೆಸರು, ಊರು ಹೇಳದೆ ಮಗುವನ್ನು ತೊಟ್ಟಿಲಲ್ಲಿ ಬಿಟ್ಟುಹೋಗಬಹುದಿತ್ತು. 2001ರಲ್ಲಿ ಧರ್ಮಪುರಿ, ಮಧುರೈ, ತೇಣಿ, ದಿಂಡಿಗಲ್ ಜಿಲ್ಲೆಗಳಿಗೂ ಅದು ವಿಸ್ತರಿಸಿತು. ಆ ಯೋಜನೆಯ ಒಳಿತು ಕೆಡುಕುಗಳ ಬಗ್ಗೆ ಚರ್ಚೆ ನಡೆದೇ ಇದೆ. ಆದರೆ ಅದು ಕಲಿಸಿದ ಪಾಠ ಒಂದಿದೆ. ಅವಮಾನದ ಭಯವಿರುವ ಕಡೆ, ಹೆಸರು ಬಯಲಾಗುವುದಿಲ್ಲ ಎಂಬ ಭರವಸೆ ಕೊಟ್ಟರೆ ಮಾತ್ರ ಜನ ಸಹಾಯದ ಬಾಗಿಲಿಗೆ ಬರುತ್ತಾರೆ. ಮನಸ್ಸಿನ ಚಿಕಿತ್ಸೆಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಗುಟ್ಟು ಕಾಪಾಡುವುದೇ ಮೊದಲ ಔಷಧಿ.

ಪಾಪನಿವೇದನೆಯ ಮುದ್ರೆ ಬೇರೆ, ಸಲಹೆಗಾರರ ಗುಟ್ಟು ಬೇರೆ

ಕಥೋಲಿಕರಾದ ನಮಗೆ ಗುಟ್ಟಿನ ಬೆಲೆ ಹೊಸದಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ, ಯಾವ ರೀತಿಯಲ್ಲೂ ಹೊರಗೆಡಹುವಂತಿಲ್ಲ. ಧರ್ಮಸಭೆಯ ಕಾನೂನಿನ 983ನೇ ವಿಧಿ ಇದನ್ನೇ ಹೇಳುತ್ತದೆ. ಪ್ರಾಗ್ ನಗರದ ಸಂತ ಜಾನ್ ನೆಪೊಮುಕ್‌ರನ್ನು 1393ರಲ್ಲಿ ಅರಸನ ಅಪ್ಪಣೆಯಂತೆ ನದಿಗೆ ಎಸೆದು ಕೊಲ್ಲಲಾಯಿತು. ರಾಣಿಯ ಪಾಪನಿವೇದನೆಯನ್ನು ಅರಸನಿಗೆ ಹೇಳಲು ಒಪ್ಪದಿದ್ದುದಕ್ಕೇ ಅವರು ಪ್ರಾಣ ತೆತ್ತರೆಂಬುದು ಧರ್ಮಸಭೆಯ ಪರಂಪರೆ. 1729ರಲ್ಲಿ ಅವರಿಗೆ ಸಂತಪದವಿ ದೊರೆಯಿತು.

ಆಪ್ತಸಲಹೆಗಾರರ ಗುಟ್ಟು ಇಷ್ಟು ಸಂಪೂರ್ಣವಾದುದಲ್ಲ. ಅದಕ್ಕೆ ಕೆಲವು ಮಿತಿಗಳಿವೆ. ಸಲಹೆ ನೀಡುವವರು ಗುರುಗಳೋ ಸಿಸ್ಟರೋ ಆಗಿದ್ದರೂ, ಸಲಹೆಯ ಕೋಣೆಯಲ್ಲಿ ಆಡಿದ ಮಾತು ಪಾಪನಿವೇದನೆ ಆಗುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ಹೋದವರು ಮುಂದೆ ನೊಂದುಕೊಳ್ಳಬಾರದೆಂದೇ ಈ ವ್ಯತ್ಯಾಸವನ್ನು ಮೊದಲೇ ಹೇಳುತ್ತಿದ್ದೇವೆ.

ಒಳ್ಳೆಯ ಸಲಹಾ ಕೇಂದ್ರದಲ್ಲಿ ಏನು ನಡೆಯುತ್ತದೆ?

1. ಬೇಕಾದಷ್ಟನ್ನೇ ಬರೆದುಕೊಳ್ಳುತ್ತಾರೆ. ಹೆಸರು, ವಯಸ್ಸು, ಸಂಪರ್ಕಿಸುವ ಬಗೆ, ತೊಂದರೆ, ತೆಗೆದುಕೊಳ್ಳುತ್ತಿರುವ ಮಾತ್ರೆ ಇಷ್ಟು ಸಾಕು. ಜಾತಿ, ಆಸ್ತಿ, ನೆಂಟರ ಹೆಸರುಗಳನ್ನು ಕಾರಣವಿಲ್ಲದೆ ಕೇಳುವುದಿಲ್ಲ. ಬರೆಯದೆ ಬಿಟ್ಟದ್ದನ್ನು ಯಾರೂ ಕದಿಯಲಾರರು.

2. ಹೆಸರನ್ನೂ ಮಾತನ್ನೂ ಬೇರೆ ಬೇರೆ ಇಡುತ್ತಾರೆ. ಹೆಸರು, ವಿಳಾಸ ಒಂದು ಪುಸ್ತಕದಲ್ಲಿ. ಆಡಿದ ಮಾತಿನ ಟಿಪ್ಪಣಿ ಇನ್ನೊಂದು ಕಡತದಲ್ಲಿ, ಅದರ ಮೇಲೆ ಬರೀ ಸಂಖ್ಯೆ. ಒಂದು ಮಾತ್ರ ಬೇರೆಯವರ ಕೈಗೆ ಸಿಕ್ಕರೆ ಅದು ಯಾರ ಕಥೆ ಎಂದು ಸುಲಭವಾಗಿ ತಿಳಿಯುವುದಿಲ್ಲ.

3. ಕಡತ ಬೀಗ ಹಾಕಿದ ಬೀರುವಿನಲ್ಲಿರುತ್ತದೆ. ಕಂಪ್ಯೂಟರಿನಲ್ಲಿದ್ದರೆ ಪಾಸ್‌ವರ್ಡ್ ಇರುತ್ತದೆ. ಅದನ್ನು ಮೇಜಿನ ಮೇಲೆ ಚೀಟಿ ಅಂಟಿಸಿ ಬರೆದಿಡುವುದಿಲ್ಲ. ಲೆಕ್ಕ ಬರೆಯುವವರು ಹಣದ ಲೆಕ್ಕ ನೋಡಬಹುದು, ಮಾತಿನ ಟಿಪ್ಪಣಿಯನ್ನಲ್ಲ.

4. ಕಾಯುವ ಜಾಗದಲ್ಲಿ ಹೆಸರನ್ನೂ ಊರನ್ನೂ ಸೇರಿಸಿ ಕೂಗಿ ಕರೆಯುವುದಿಲ್ಲ. ಒಳಗಿನ ಮಾತು ಹೊರಗೆ ಕೇಳದ ಹಾಗೆ ಬಾಗಿಲು ಮುಚ್ಚಿರುತ್ತದೆ.

5. ಯಾವ ಫೋನಿಗೆ, ಯಾವ ಹೊತ್ತಿನಲ್ಲಿ ಕರೆ ಮಾಡಬಹುದೆಂದು ಮೊದಲೇ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಫೋನು ಒಂದೇ, ಕೈಗಳು ಐದು. "ಸಲಹಾ ಕೇಂದ್ರದಿಂದ ಮಾತಾಡುತ್ತಿದ್ದೇವೆ" ಎಂಬ ಒಂದೇ ಮಾತು ಅತ್ತೆಯ ಕಿವಿಗೆ ಬಿದ್ದರೆ ಸೊಸೆಯ ಚಿಕಿತ್ಸೆ ಅಲ್ಲಿಗೇ ನಿಲ್ಲಬಹುದು.

6. ಕಡತವನ್ನು ಎಷ್ಟು ವರ್ಷ ಇಡುತ್ತಾರೆಂದು ತಿಳಿಸುತ್ತಾರೆ. ಅವಧಿ ಮುಗಿದ ಮೇಲೆ ಅದನ್ನು ಚೂರು ಮಾಡಿ ನಾಶಪಡಿಸುತ್ತಾರೆ. ಹಳೇ ಪೇಪರ್ ಅಂಗಡಿಗೆ ಹಾಕುವುದಿಲ್ಲ. ಅಲ್ಲಿಗೆ ಹಾಕಿದ ಕಾಗದ ನಾಳೆ ಬೋಂಡಾ ಕಟ್ಟಿಕೊಂಡು ನಮ್ಮ ಮನೆಗೇ ಬರುತ್ತದೆ!

ಕಾನೂನು ಏನು ಹೇಳುತ್ತದೆ?

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ತೀರ್ಪಿತ್ತಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದರ 23ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆ ಪಡೆಯುವವರ ವಿಷಯವನ್ನು ಗುಟ್ಟಾಗಿಡುವುದು ಚಿಕಿತ್ಸೆ ನೀಡುವ ಪ್ರತಿಯೊಬ್ಬರ ಕರ್ತವ್ಯ. 24ನೇ ಸೆಕ್ಷನ್ ಪ್ರಕಾರ, ರೋಗಿಯ ಒಪ್ಪಿಗೆಯಿಲ್ಲದೆ ಅವರ ಫೋಟೋ ಅಥವಾ ವಿವರವನ್ನು ಮಾಧ್ಯಮಗಳಿಗೆ ಕೊಡುವಂತಿಲ್ಲ. 25ನೇ ಸೆಕ್ಷನ್ ಪ್ರಕಾರ, ತಮ್ಮ ಚಿಕಿತ್ಸೆಯ ಮೂಲ ದಾಖಲೆಗಳನ್ನು ನೋಡುವ ಹಕ್ಕು ರೋಗಿಗೇ ಇದೆ. ಕಂಪ್ಯೂಟರ್, ಮೊಬೈಲುಗಳಲ್ಲಿರುವ ಸ್ವಂತ ವಿವರಗಳ ರಕ್ಷಣೆಗೆ 2023ರಲ್ಲಿ ಇನ್ನೊಂದು ಕಾಯ್ದೆ ಬಂದಿದೆ. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೊಳ್ಳುವಂತೆ ಗೊತ್ತುಪಡಿಸಲಾಗಿದೆ.

ಗುಟ್ಟು ಬಿಡುವ ಸಂದರ್ಭಗಳು

ರೋಗಿ ತನಗೆ ಅಥವಾ ಬೇರೆಯವರಿಗೆ ಪ್ರಾಣಾಪಾಯ ತಂದುಕೊಳ್ಳುವ ಸ್ಥಿತಿಯಲ್ಲಿದ್ದರೆ, ಅದನ್ನು ತಪ್ಪಿಸಲು ಬೇಕಾದಷ್ಟನ್ನು ಮಾತ್ರ ಹೇಳಬಹುದು. ಚಿಕಿತ್ಸೆಗಾಗಿ ಇನ್ನೊಬ್ಬ ವೈದ್ಯರಿಗೆ ತಿಳಿಸಬಹುದು. ಹೈಕೋರ್ಟು, ಸುಪ್ರೀಂ ಕೋರ್ಟು ಮೊದಲಾದ ಅಧಿಕಾರವುಳ್ಳವರು ಆದೇಶಿಸಿದರೆ ಕೊಡಬೇಕಾಗುತ್ತದೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ, 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿಯೂ ಮಗುವಿನ ಹೆಸರು, ಮನೆ, ಶಾಲೆ, ಫೋಟೋ ಬಯಲಾಗಬಾರದೆಂದು ಅದೇ ಕಾಯ್ದೆ ಹೇಳುತ್ತದೆ. ಒಳ್ಳೆಯ ಸಲಹೆಗಾರರು ಈ ಮಿತಿಗಳನ್ನು ಮೊದಲ ದಿನವೇ ಬಿಡಿಸಿ ಹೇಳುತ್ತಾರೆ.

ಕೀಟನಾಶಕ ಕುಡಿದಾಗ ಮುಚ್ಚಿಡಬೇಡಿ

ರೈತ ಕುಟುಂಬಗಳು ಮುಖ್ಯವಾಗಿ ತಿಳಿಯಬೇಕಾದ ಮಾತೊಂದಿದೆ. ಮನೆಯಲ್ಲಿ ಯಾರಾದರೂ ಕೀಟನಾಶಕ ಕುಡಿದಾಗ, ಪೊಲೀಸ್ ಕೇಸಾಗುತ್ತದೆ, ಮರ್ಯಾದೆ ಹೋಗುತ್ತದೆ ಎಂದು ಹೆದರಿ "ಏನೋ ತಿಂದು ವಾಂತಿ ಮಾಡುತ್ತಿದ್ದಾನೆ" ಎಂದು ಡಾಕ್ಟರಿಗೆ ಸುಳ್ಳು ಹೇಳುವವರಿದ್ದಾರೆ. ಇದು ಪ್ರಾಣಕ್ಕೇ ಕುತ್ತು. ಒಂದೊಂದು ವಿಷಕ್ಕೆ ಒಂದೊಂದು ಬಗೆಯ ಚಿಕಿತ್ಸೆ. ಡಬ್ಬಿಯನ್ನೇ ಜೊತೆಗೆ ಒಯ್ದು ತೋರಿಸಬೇಕು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು. ಆದರೆ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಸರ್ಕಾರ ಆರೈಕೆ ಒದಗಿಸಬೇಕು ಎನ್ನುತ್ತದೆ. ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ 309ನೇ ಸೆಕ್ಷನ್, 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ದಂಡ ಸಂಹಿತೆಯಲ್ಲಿ ಹಾಗೆಯೇ ಉಳಿದಿಲ್ಲ. ಆದುದರಿಂದ ಊರಿನಿಂದ ಮುಚ್ಚಿಡುವುದು ಬೇರೆ, ಡಾಕ್ಟರಿಂದ ಮುಚ್ಚಿಡುವುದು ಬೇರೆ. ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಬೀಗ ಸಡಿಲವಾದರೆ ಏನಾಗುತ್ತದೆ?

ಫಿನ್‌ಲೆಂಡ್ ದೇಶದಲ್ಲಿ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯಿತ್ತು. ಅದರ ಕಂಪ್ಯೂಟರಿನಿಂದ ಸಾವಿರಾರು ಜನರ ಟಿಪ್ಪಣಿಗಳು ಕಳುವಾದವು. 2020ರ ಅಕ್ಟೋಬರಿನಲ್ಲಿ ಕಳ್ಳನು ಒಬ್ಬೊಬ್ಬ ರೋಗಿಗೂ "ಹಣ ಕೊಡು, ಇಲ್ಲವಾದರೆ ನಿನ್ನ ಗುಟ್ಟನ್ನು ಬಯಲು ಮಾಡುತ್ತೇನೆ" ಎಂಬರ್ಥದ ಬೆದರಿಕೆ ಕಳಿಸಿದ. 2021ರಲ್ಲಿ ಆ ಸಂಸ್ಥೆ ದಿವಾಳಿಯಾಯಿತು. ಮುಂದುವರಿದ ದೇಶದಲ್ಲೇ ಹೀಗಾಯಿತೆಂದರೆ, ಎಲ್ಲವನ್ನೂ ಮೊಬೈಲಿನಲ್ಲೇ ಕಳಿಸುವ ನಾವು ಇನ್ನಷ್ಟು ಜಾಗ್ರತೆಯಿಂದಿರಬೇಕು. ಡಾಕ್ಟರ ಚೀಟಿಯ ಫೋಟೋವನ್ನು ಕಂಡಕಂಡ ವಾಟ್ಸಪ್ ಗುಂಪಿಗೆ ಹಾಕುವುದು, ಬೀಗದ ಕೈಯನ್ನು ಸಂತೆಯಲ್ಲಿ ಬಿಟ್ಟುಬಂದ ಹಾಗೆಯೇ.

ಮೊದಲ ದಿನ ಕೇಳಬೇಕಾದ ಪ್ರಶ್ನೆಗಳು

"ನನ್ನ ವಿಷಯ ಯಾರು ಯಾರು ನೋಡುತ್ತಾರೆ? ಎಲ್ಲಿ ಇಡುತ್ತೀರಿ? ಎಷ್ಟು ಕಾಲ? ಯಾವಾಗ ಬೇರೆಯವರಿಗೆ ಹೇಳಬೇಕಾಗುತ್ತದೆ? ನನ್ನ ಮನೆಯವರು ಬಂದು ಕೇಳಿದರೆ ಏನು ಹೇಳುತ್ತೀರಿ?" ಈ ಐದನ್ನೂ ಸಂಕೋಚವಿಲ್ಲದೆ ಕೇಳಬಹುದು. ಬೀಜ ಕೊಳ್ಳುವಾಗ ಚೀಲದ ಮೇಲಿನ ಚೀಟಿ ನೋಡುವುದಿಲ್ಲವೇ? ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಇದೆಯೇ ಎಂದೂ ಕೇಳಿ. ಸಿಡುಕದೆ ಉತ್ತರಿಸುವವರಲ್ಲಿ ನಂಬಿಕೆಯಿಡಬಹುದು.

ನಮ್ಮ ಪಾಲಿನ ಕೆಲಸ

ಕಾನೂನು ಕೇಂದ್ರದ ಬೀರುವಿಗೆ ಬೀಗ ಹಾಕಬಲ್ಲದು, ನಮ್ಮ ನಾಲಿಗೆಗೆ ಹಾಕಲಾರದು. ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತಾಗ "ಅವರ ಮನೆಯವರು ಸೇಲಂ ಆಸ್ಪತ್ರೆಗೆ ಹೋಗಿದ್ದರಂತೆ, ಏನಂತೆ?" ಎಂದು ಶುರುವಾಗುವ ಮಾತು ಒಂದು ಕುಟುಂಬದ ಚಿಕಿತ್ಸೆಯನ್ನೇ ಕೆಡಿಸಬಹುದು. ಅನ್ಬಿಯ ಕೂಟದಲ್ಲಿ ಪ್ರಾರ್ಥಿಸುವಾಗ "ಮನಸ್ಸು ನೊಂದಿರುವ ಎಲ್ಲರಿಗಾಗಿ" ಎಂದರೆ ಸಾಕು, ಹೆಸರು ದೇವರಿಗೆ ಗೊತ್ತಿದೆ. ಹಾಗೆಂದು ಒಬ್ಬರು ಸಾಯುವ ಮಾತಾಡುತ್ತಿದ್ದರೆ ಅದನ್ನು ಗುಟ್ಟೆಂದು ಸುಮ್ಮನಿರಬೇಡಿ. ಅವರೊಡನೆ ಕೂತು ಕೇಳಿ, ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿಡಿ, ಚಿಕಿತ್ಸೆಗೆ ಜೊತೆಯಲ್ಲಿ ಹೋಗಿ.

ಕೂಡಲೇ ಯಾರೊಡನಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲೂ ರಾತ್ರಿ ಉಚಿತ. ತಮಿಳಿನಲ್ಲೂ ಕನ್ನಡದಲ್ಲೂ ಮಾತಾಡುವವರಿದ್ದಾರೆ. ಸೇಲಂ ಮತ್ತು ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಕಾಲಿಗೆ ಮುಳ್ಳು ಚುಚ್ಚಿದರೆ ನಾವು ಕೀಳಿಸಿಕೊಳ್ಳುತ್ತೇವೆ. ಮನಸ್ಸಿಗೆ ಚುಚ್ಚಿದ ಮುಳ್ಳನ್ನೂ ಹಾಗೆಯೇ ಕೀಳಿಸಿಕೊಳ್ಳೋಣ. ಕೀಳಿಸಿಕೊಂಡವರ ಗುಟ್ಟನ್ನು ನಾವೆಲ್ಲರೂ ಸೇರಿ ಕಾಪಾಡೋಣ.