ಗಾಳಿ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಬೇಡ



ಮೊನ್ನೆ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಸದಸ್ಯೆಯೊಬ್ಬರು 500 ರೂಪಾಯಿ ಒಳಸಾಲ ಕೇಳಿದರು. ಮನೆಯವರ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ತೂತು ಬಿದ್ದಿದೆ, ವೆಲ್ಡಿಂಗ್ ಮಾಡಿಸಬೇಕು ಅಂತ. "ಸೂಜಿ ಮೊನೆಯಷ್ಟೇ ಸಿಸ್ಟರ್" ಅಂದರು. ಎಲ್ಲರೂ ಒಪ್ಪಿಯೂ ಆಗಿತ್ತು. ನಾವೇ ತಡೆದೆವು.

ತೂತು ಚಿಕ್ಕದೇ ಇರಬಹುದು. ಆದರೆ ಅದು ಬಿದ್ದದ್ದು ಹೇಗೆ? ಗಾಳಿಯಲ್ಲಿ ತೇವ ಇರುತ್ತದೆ. ಒತ್ತಿ ತುಂಬಿದಾಗ ಅದು ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಆ ನೀರಿನಿಂದ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಪೇಂಟ್ ಚೆನ್ನಾಗಿಯೇ ಕಾಣುತ್ತದೆ. ಒಂದು ಕಡೆ ತೂತಾಯಿತು ಅಂದರೆ ಸುತ್ತಲಿನ ತಗಡೂ ತೆಳ್ಳಗಾಗಿದೆ ಎಂದೇ ತಿಳಿಯಬೇಕು. ಹಳೇ ಸೀರೆಗೆ ತೇಪೆ ಹಾಕಿದರೆ ತೇಪೆ ನಿಲ್ಲುತ್ತದೆ, ಪಕ್ಕದಲ್ಲಿ ಹರಿಯುತ್ತದೆ, ನಮಗೆ ಗೊತ್ತಿಲ್ಲವೇ? ಸಾಲದ್ದಕ್ಕೆ ವೆಲ್ಡಿಂಗ್ ಕಾವಿಗೆ ಪಕ್ಕದ ಕಬ್ಬಿಣ ಬಿರುಕು ಬಿಡಲೂಬಹುದು.

ಸೀರೆ ಹರಿದರೆ ಹೋಗುವುದು ಸೀರೆ ಮಾತ್ರ. ಇಲ್ಲಿ ಹಾಗಲ್ಲ. ಮೀಟರಿನ ಮುಳ್ಳು 120 ಪೌಂಡ್ ತೋರಿಸಿದರೆ, ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ ಸುಮಾರು 8 ಕಿಲೋ ಭಾರ ಬೀಳುತ್ತಿರುತ್ತದೆ. 30 ಸೆಂಟಿಮೀಟರ್ ಅಗಲದ ಟ್ಯಾಂಕಿನ ಒಂದು ಬದಿಯ ಮುಚ್ಚಳಕ್ಕೇ ಲೆಕ್ಕ ಹಾಕಿ: 5 ಟನ್ನಿಗೂ ಮೇಲೆ! ಒಡೆದರೆ ಒತ್ತಿಟ್ಟ ಗಾಳಿ ಒಮ್ಮೆಲೇ ಹಿಗ್ಗಿ ಚೂರುಗಳನ್ನು ಎಸೆಯುತ್ತದೆ. ಟೈರ್ ಹತ್ತಿರ ಕುಳಿತವರ ಗತಿ ಏನು?

"ವೆಲ್ಡಿಂಗ್ ಆದ ಮೇಲೆ ಸೋಪಿನ ನೀರು ಹಚ್ಚಿ ನೋಡ್ತಾರಲ್ಲ" ಅಂತ ಒಬ್ಬರು ಕೇಳಿದರು. ಗುಳ್ಳೆ ಬರಲಿಲ್ಲ ಅಂದರೆ ಸೋರುತ್ತಿಲ್ಲ ಅಂತಷ್ಟೇ ಅರ್ಥ, ಗಟ್ಟಿಯಿದೆ ಅಂತಲ್ಲ. ಗಟ್ಟಿತನ ನೋಡಲು ಟ್ಯಾಂಕಿಗೆ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಡುತ್ತಾರೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಆದ್ದರಿಂದ ಸೀಳಿದರೂ ಗಾಳಿಯಷ್ಟು ಸಿಡಿಯುವುದಿಲ್ಲ. ಇಂಥ ಟ್ಯಾಂಕಿಗೆಂದೇ ತರಬೇತಿ ಪಡೆದ ವೆಲ್ಡರ್, ಈ ಪರೀಕ್ಷೆ, ಎರಡೂ ಬೇಕು. ಗೇಟು, ಕಿಟಕಿ ಮಾಡುವ ಅಂಗಡಿಯ ಕೆಲಸ ಅಲ್ಲ ಇದು. ತುಕ್ಕು ತಿಂದ ಟ್ಯಾಂಕಿಗಂತೂ ಅದೂ ಉಪಯೋಗವಿಲ್ಲ.

ಗಾಳಿ ತುಂಬಿರುವಾಗ ವೆಲ್ಡಿಂಗ್ ಮಾಡಿದರೆ ಸಾವನ್ನೇ ಕರೆದಂತೆ. ಖಾಲಿ ಟ್ಯಾಂಕಿನಲ್ಲೂ ಕಂಪ್ರೆಸರಿನ ಎಣ್ಣೆ ಉಳಿದಿರುತ್ತದೆ, ಕಾವಿಗೆ ಅದರ ಆವಿ ಹೊತ್ತಿಕೊಳ್ಳಬಹುದು. ಚಕ್ರ, ಹಿಡಿಕೆ ಅಂತ ಟ್ಯಾಂಕಿನ ಮೈಗೆ ಏನನ್ನೂ ಬೆಸೆಯಬೇಡಿ. ದಿನಾ ಸಂಜೆ ಒತ್ತಡ ಇಳಿಸಿ, ತಳದ ನಲ್ಲಿ ತಿರುಗಿಸಿ ನೀರು ಬಿಡಿಸಿ. ಸೇಫ್ಟಿ ವಾಲ್ವನ್ನು ಯಾರೂ ಕಟ್ಟಿಡದಂತೆ ನೋಡಿಕೊಳ್ಳಿ.

ಆ ಸದಸ್ಯೆಯ ಮನೆಯ ಮೋಟಾರು, ಪಂಪು ಎರಡೂ ಚೆನ್ನಾಗಿದ್ದವು. ಟ್ಯಾಂಕ್ ಮಾತ್ರ ಹೊಸದು ತರಲು ಸಂಘ ಹೆಚ್ಚು ಸಾಲ ಕೊಟ್ಟಿತು, ಕಂತು ಹತ್ತು ತಿಂಗಳು. ಅವರ ಯಜಮಾನರು ಒಂದು ವಾರ ನಮ್ಮ ಹತ್ತಿರ ಮಾತೇ ಆಡಲಿಲ್ಲ.