ಎಣ್ಣೆ ಬಂದಾಗ ಕಣ್ಣು ತೆರೆದಿರಲಿ

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆಂಬ ಗಾದೆ ಎಲ್ಲರಿಗೂ ಗೊತ್ತು. ವಾಹನದ ಇಂಜಿನಿಗೆ ಎಣ್ಣೆ ಕೊಳ್ಳುವಾಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ಕೆಲವರಿಗೆ ತಂದೆಯ ಕಾಲದಿಂದ ಬಂದ ಹೆಸರೇ ಆಗಬೇಕು. ಬೇರೆ ಡಬ್ಬ ತೋರಿಸಿದರೆ ಮುಖ ತಿರುಗಿಸುತ್ತಾರೆ. ಇನ್ನು ಕೆಲವರಿಗೆ ಎಣ್ಣೆಯೆಂದರೆ ಎಣ್ಣೆ, ಕ್ರಯ ಕಡಿಮೆಯಿದ್ದರೆ ಸಾಕು. ಡಬ್ಬದ ಮೇಲಿನ ಸಣ್ಣ ಅಕ್ಷರಗಳನ್ನು ಇಬ್ಬರೂ ಓದುವುದಿಲ್ಲ.

ಮೊದಲು ಹೆಸರಿನ ವಿಚಾರ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪೆನಿಯೂ 1909ರಲ್ಲಿ ಹರಳೆಣ್ಣೆ ಬೆರೆಸಿದ ಮೋಟಾರು ಎಣ್ಣೆಯನ್ನು ತಯಾರಿಸಿತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಎಣ್ಣೆ ಎನ್ನುವುದರಿಂದ ಅದಕ್ಕೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟಿತು. ಇಂದು ಆ ಹೆಸರಿನಲ್ಲಿ ನಮಗೆ ಸಿಗುವ ಇಂಜಿನ್ ಎಣ್ಣೆ ಹರಳೆಣ್ಣೆಯದಲ್ಲ. ಹೆಸರು ಉಳಿದಿದೆ, ಒಳಗಿನ ವಸ್ತು ಬದಲಾಗಿದೆ. ಅಲ್ಲದೆ ಒಂದೇ ಕಂಪೆನಿ ಹಲವು ದರ್ಜೆಯ ಎಣ್ಣೆಗಳನ್ನು ಮಾರುತ್ತದೆ. ಹೀಗಿರುವಾಗ ಬರಿಯ ಹೆಸರು ಹೇಳಿ ಕೊಂಡರೆ ಏನನ್ನು ಕೊಂಡಂತಾಯಿತು?

ಶಾಲೆಯ ಹೆಸರು ಕೇಳಿ ವಿದ್ಯಾರ್ಥಿಯನ್ನು ಅಳೆಯಲಾಗದು, ಅಂಕಪಟ್ಟಿ ನೋಡಬೇಕು. ಎಣ್ಣೆಯ ಅಂಕಪಟ್ಟಿ ಡಬ್ಬದ ಮೇಲೆಯೇ ಇದೆ. ‘20ಡಬ್ಲ್ಯು-40’ ಎಂಬಂತಹ ಗುರುತು ಎಣ್ಣೆಯ ದಪ್ಪವನ್ನು ತಿಳಿಸುತ್ತದೆ. ಡಬ್ಲ್ಯು ಇರುವ ಅಂಕೆ ಚಳಿಯಲ್ಲಿ ಅದು ಹೇಗೆ ಹರಿಯುತ್ತದೆಂಬುದಕ್ಕೆ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ದಪ್ಪವಿರುತ್ತದೆಂಬುದಕ್ಕೆ. ದಪ್ಪವಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ತೆಳು ಎಣ್ಣೆಗೆಂದೇ ರೂಪಿಸಿದ ಇಂಜಿನಿನಲ್ಲಿ ದಪ್ಪ ಎಣ್ಣೆ ಬೇಗನೆ ಹರಿಯದು.

ಎರಡನೆಯದು ‘ಎ.ಪಿ.ಐ.’ ದರ್ಜೆ. ‘ಎಸ್’ ಎಂದು ಆರಂಭವಾದರೆ ಪೆಟ್ರೋಲ್ ಇಂಜಿನಿಗೆ, ‘ಸಿ’ ಎಂದಾದರೆ ಡೀಸೆಲ್ ಇಂಜಿನಿಗೆ. ಎಸ್‌ಎಲ್, ಎಸ್‌ಎನ್, 2020ರಲ್ಲಿ ಬಂದ ಎಸ್‌ಪಿ ಹೀಗೆ ಎರಡನೆಯ ಅಕ್ಷರ ಮುಂದೆ ಹೋದಂತೆ ದರ್ಜೆ ಹೊಸದು. ಬೈಕಿನವರು ಮೂರನೆಯದಾಗಿ ‘ಜಾಸೊ ಎಂಎ’ ಅಥವಾ ‘ಎಂಎ2’ ಗುರುತನ್ನು ನೋಡಬೇಕು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚು, ಗೇರು, ಇಂಜಿನು ಮೂರಕ್ಕೂ ಒಂದೇ ಎಣ್ಣೆ. ಮನೆಯಲ್ಲಿ ಉಳಿದ ಕಾರಿನ ಎಣ್ಣೆಯನ್ನು ಸುರಿದರೆ ಕ್ಲಚ್ಚು ಜಾರುವ ಸಂಭವವಿದೆ. ಗೇರಿಲ್ಲದ ಸ್ಕೂಟರುಗಳಿಗೆ ಸಾಮಾನ್ಯವಾಗಿ ‘ಎಂಬಿ’ ಹೇಳಿರುತ್ತಾರೆ. ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಟೂ ಸ್ಟ್ರೋಕ್ ಆಗಿದ್ದರೆ ಪೆಟ್ರೋಲಿಗೆ ಬೆರೆಸುವ ‘2ಟಿ’ ಎಣ್ಣೆಯೇ ಬೇಕು.

ನಿಮ್ಮ ವಾಹನಕ್ಕೆ ಯಾವುದು ಸರಿಯೆಂಬುದು ಅದರ ಜೊತೆ ಬಂದ ಪುಸ್ತಕದಲ್ಲಿದೆ. ಆ ದಪ್ಪ, ಆ ದರ್ಜೆ ಹೊಂದಿದ ಸರ್ವೋ, ಮ್ಯಾಕ್, ಗಲ್ಫ್, ಕ್ಯಾಸ್ಟ್ರಾಲ್ ಡಬ್ಬಗಳನ್ನು ಎದುರಿಗಿಟ್ಟು ಬೆಲೆ ಹೋಲಿಸಿರಿ. ಅವುಗಳಲ್ಲಿ ಕಡಿಮೆ ಬೆಲೆಯದನ್ನು ಆರಿಸಲು ಅಳುಕು ಬೇಡ. ವಾರಂಟಿ ಇರುವಾಗ ರಶೀದಿಗಳನ್ನು ಜೋಪಾನವಾಗಿಡಿ.

ಹಾಗೆಂದು ಅಗ್ಗವಾದದ್ದೆಲ್ಲ ಲಾಭವಲ್ಲ. ಲೀಟರಿಗೆ 100 ರೂಪಾಯಿ ವ್ಯತ್ಯಾಸವೆಂದಿಟ್ಟುಕೊಳ್ಳೋಣ. ವರ್ಷಕ್ಕೆ ಮೂರು ಬಾರಿ ಒಂದೊಂದು ಲೀಟರ್ ಬದಲಿಸಿದರೆ ಉಳಿಯುವುದು 300 ರೂಪಾಯಿ. ಆ 300ರ ಆಸೆಗೆ ಗುರುತಿಲ್ಲದ ಬಿಡಿ ಎಣ್ಣೆ ಹಾಕಿಸಿ ಪಿಸ್ಟನ್ ಕಚ್ಚಿಕೊಂಡರೆ ಖರ್ಚು ಸಾವಿರಗಳಲ್ಲಿ. ದಿನದ ದುಡಿಮೆಯನ್ನೇ ನಂಬಿದ ರಿಕ್ಷಾ ಚಾಲಕನಿಗಾದರೆ ಗಾಡಿ ಗ್ಯಾರೇಜಿನಲ್ಲಿರುವಷ್ಟು ದಿನ ಮನೆಗೆ ಅಕ್ಕಿಯೂ ಕಷ್ಟವೇ. ಹೆಸರಾಂತ ಡಬ್ಬಗಳಲ್ಲಿ ಕಳಪೆ ಎಣ್ಣೆ ತುಂಬಿ ಮಾರುವವರೂ ಇದ್ದಾರೆ. ಆದುದರಿಂದ ಮುಚ್ಚಳದ ಸೀಲು, ತಯಾರಾದ ತಿಂಗಳು, ಗರಿಷ್ಠ ಬೆಲೆ ನೋಡಿಯೇ ಕೊಳ್ಳಿರಿ. ಖಾಲಿಯಾದ ಡಬ್ಬವನ್ನು ತೂತು ಮಾಡಿಯೇ ಕೊಡಿರಿ.

ಇಷ್ಟೆಲ್ಲ ನೋಡಿ ಕೊಂಡ ಎಣ್ಣೆಗೂ ಆಯುಷ್ಯವಿದೆ. ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದಿಡುವುದೂ ಅದರ ಕೆಲಸವೇ. ಆದರೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರು ದಾಟಿದ ಮೇಲೆ ಎಷ್ಟು ದುಬಾರಿ ಎಣ್ಣೆಯಾದರೂ ಇಂಜಿನನ್ನು ಕಾಯಲಾರದು. ಹೊತ್ತಿಗೆ ಸರಿಯಾಗಿ ಬದಲಿಸಿದ ಸಾಧಾರಣ ಬೆಲೆಯ ಸರಿಯಾದ ಎಣ್ಣೆ, ವರ್ಷಗಟ್ಟಲೆ ಬದಲಿಸದೆ ಬಿಟ್ಟ ದೊಡ್ಡ ಹೆಸರಿನ ಎಣ್ಣೆಗಿಂತ ಮೇಲು.